ಅಣ್ಣ ರುಚಿ ನೋಡಿದ ಎರಡು ಬಾಟಲಿ

ನನ್ನ ಅಣ್ಣ ಇಡೀ ಬದುಕಿನಲ್ಲಿ ಒಂದೇ ಒಂದು ಸಲ ಬಿಯರು ಕುಡಿದ. ಕುಡಿಸಿದವನು ನಾನು. ಎರಡು ಬಾಟಲಿ ಇದ್ದವು. ಒಂದು ಚೆನ್ನಾಗಿತ್ತು, ಇನ್ನೊಂದು ಕೆಟ್ಟಿತ್ತು. ಎರಡನ್ನೂ ಅವನು ಚೆನ್ನಾಗಿದೆ ಎಂದ. ಆ ಮಾತಿಗೆ ನಾನು ಎರಡು ವರ್ಷ ಅವನ ಜೊತೆ ಮಾತು ಬಿಟ್ಟೆ.

ಇದನ್ನು ಯಾರಿಗೂ ಹೇಳಬಾರದು ಎಂದುಕೊಂಡಿದ್ದೆ. ಈಚೆಗೆ ನನ್ನ ಅಳಿಯ ಅದೇ ನಮೂನೆಯ ಬಾಟಲಿ ತಂದು ನನ್ನ ಮುಂದಿಟ್ಟ. ನೀವು ಅದು ಹುಟ್ಟಿದ ದೇಶಕ್ಕೇ ಹೋಗಿ ಬಂದವರಂತೆ, ರುಚಿ ಹೇಗಿರುತ್ತದೆ ಹೇಳಿ ಮಾವ ಎಂದು ಕೇಳಿದ. ನಾನು ತಟ್ಟೆ ಬಿಟ್ಟು ಎದ್ದು ಹೋದೆ. ಪಾಪ, ಅವನು ತಾನೇನು ತಪ್ಪು ಮಾಡಿದೆನೆಂದು ಮಗಳನ್ನು ಕೇಳಿದನಂತೆ. ಅವನಿಗಾದರೂ ಕಾರಣ ಗೊತ್ತಾಗಲಿ.

ಅಣ್ಣ ನನಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವನು ಅವನೇ. ಚನ್ನಗಿರಿ ಊರಾಚೆ ಅವನ ಅಡಿಕೆ ಬೇಯಿಸುವ ಕಣ ಇತ್ತು. ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿದರೆ ಕೊನೆಗೆ ಕೆಂಪಗೆ, ಮಂದವಾಗಿ ಒಂದು ನೀರು ಉಳಿಯುತ್ತದೆ. ಅದಕ್ಕೆ ಚೊಗರು ಅನ್ನುತ್ತೇವೆ. ಅದನ್ನು ಚೆಲ್ಲುವುದಿಲ್ಲ. ಮುಂದಿನ ಹಂಡೆಗೆ ಬೆರೆಸುತ್ತಾರೆ, ಉಳಿದದ್ದನ್ನು ಡ್ರಮ್ಮಿನಲ್ಲಿ ತುಂಬಿ ಮುಂದಿನ ವರ್ಷಕ್ಕೂ ಇಡುತ್ತಾರೆ. ಅಡಿಕೆಗೆ ಬಣ್ಣ, ಹೊಳಪು ಬರುವುದು ಅದರಿಂದ. ಎಷ್ಟು ಬೆರೆಸಬೇಕು ಅನ್ನುವುದರಲ್ಲೇ ಎಲ್ಲ ಇರುವುದು. ಹೆಚ್ಚಾದರೆ ಕಪ್ಪಿಡುತ್ತದೆ, ಕಡಿಮೆಯಾದರೆ ಬಿಳಚಿಕೊಳ್ಳುತ್ತದೆ.

ಉಳಿದವರು ಇದನ್ನು ಕಣ್ಣಳತೆಯಲ್ಲಿ ಮಾಡುತ್ತಿದ್ದರು. ಅಣ್ಣ ನಾಲಿಗೆಯಿಂದ ಮಾಡುತ್ತಿದ್ದ. ಕಿರುಬೆರಳು ಅದ್ದಿ, ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಆಮೇಲೆ ಎರಡು ಟಿನ್ನು ಹಾಕಿ ಅಥವಾ ಒಂದೂವರೆ ಸಾಕು ಅನ್ನುತ್ತಿದ್ದ. ಆಳುಗಳು ಅಷ್ಟೇ ಹಾಕುತ್ತಿದ್ದರು. ಅವನದೊಂದು ಲೆಕ್ಕಾಚಾರ ಇತ್ತು. ಬಾಯಿಗಿಟ್ಟ ಕೂಡಲೇ ಮುಂದೆಯೇ ಕಹಿ ಹೊಡೆದರೆ ಅದು ಎಳೆಯ ಚೊಗರು, ಇನ್ನೂ ಕೂರಬೇಕು. ಮೊದಲು ಏನೂ ಅನ್ನಿಸದೆ, ಆಮೇಲೆ ನಾಲಿಗೆಯ ಹಿಂದಿನಿಂದ ನಿಧಾನವಾಗಿ ಬಂದರೆ ಅದು ಪಳಗಿದ ಕಹಿ. ಸಣ್ಣವನಿದ್ದಾಗ ನನಗೂ ನೆಕ್ಕಿಸುತ್ತಿದ್ದ. ನನಗೆ ಎಲ್ಲ ಒಂದೇ ಥರ ಕಾಣುತ್ತಿತ್ತು. ನಿನಗೆ ಸ್ಪ್ಯಾನರೇ ಗತಿ ಎಂದು ನಗುತ್ತಿದ್ದ. ಹಾಗೇ ಆಯಿತು. ನಾನು ಹೊನ್ನಾಳಿಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಆದೆ.

ರುಚಿಯ ವಿಷಯದಲ್ಲಿ ಅವನಿಗೆ ದಾಕ್ಷಿಣ್ಯ ಇರಲಿಲ್ಲ. ನನ್ನ ಮದುವೆಯಾದ ಹೊಸದರಲ್ಲಿ ನ್ಯಾಮತಿಯಲ್ಲಿ ನನ್ನ ಅತ್ತೆ ಮನೆಯವರು ಹೋಳಿಗೆ ಊಟ ಹಾಕಿದರು. ಬೀಗರು ಎದುರಿಗೆ ಕೈಕಟ್ಟಿ ನಿಂತಿರುವಾಗಲೇ ಬೇಳೆ ತಳ ಹಿಡಿದಿದೆ ಎಂದ. ನನ್ನ ಹೆಂಡತಿ ಅದನ್ನು ಬಹಳ ದಿನ ಮರೆಯಲಿಲ್ಲ. ಆದರೆ ತಳ ಹಿಡಿದಿದ್ದು ನಿಜವೇ. ಅವನ ಬಾಯಿಂದ ಚೆನ್ನಾಗಿದೆ ಅನ್ನುವ ಮಾತು ಬರುವುದು ಅಪರೂಪ. ಬಂದರೆ ಮನೆಯ ಹೆಂಗಸರು ಅದನ್ನು ನಾಲ್ಕು ಮನೆಗೆ ಹೇಳಿಕೊಂಡು ಬರುತ್ತಿದ್ದರು. ಬೇಡದವರು ಯಾರಾದರೂ ಕೇಳಿದರೆ ಮಾತ್ರ ಏನೋ ಒಂದು ಹೊಗಳಿ ಸಾಗಹಾಕುತ್ತಿದ್ದ. ಅಂಥವರ ಜೊತೆ ನಿಜ ಯಾಕೆ ಖರ್ಚು ಮಾಡಬೇಕು ಅನ್ನುವುದು ಅವನ ಮಾತು. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ದಡ್ಡತನಕ್ಕೆಲ್ಲ ಇದೇ ಬೇರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಓಡುತ್ತಿದ್ದ ಟ್ರ್ಯಾಕ್ಟರುಗಳಲ್ಲಿ ಒಂದು ನಮೂನೆ ಜೆಕೊಸ್ಲೊವಾಕಿಯಾದ್ದು. ಅದರ ಇಂಜಿನ್ನು ಬಿಚ್ಚುವುದರಲ್ಲಿ ನನ್ನ ಕೈ ಚೆನ್ನಾಗಿತ್ತು. ಮಾರುವ ಕಂಪನಿಯವರು ಕೆಲವು ಮೆಕ್ಯಾನಿಕ್ಕುಗಳನ್ನು ಆರಿಸಿ ಆ ದೇಶಕ್ಕೇ ತರಬೇತಿಗೆ ಕಳಿಸಿದಾಗ ನನ್ನ ಹೆಸರೂ ಬಂತು. ಹನ್ನೊಂದು ವಾರ. ಅಣ್ಣನೇ ಬಸ್ ಸ್ಟ್ಯಾಂಡಿಗೆ ಬಂದು, ಚಟ್ನಿಪುಡಿಯ ಡಬ್ಬಿ ಕೊಟ್ಟು ಕಳಿಸಿದ.

ಅಲ್ಲಿ ಚಳಿ, ಹೊಗೆ, ಅರ್ಥವಾಗದ ಮಾತು. ಮಾಂಸ ತಿನ್ನದ ನನಗೆ ಕ್ಯಾಂಟೀನಿನವರು ಮೂರು ಹೊತ್ತೂ ಆಲೂಗಡ್ಡೆ, ಬ್ರೆಡ್ಡು ಹಾಕಿದರು. ನೀರು ಕೇಳಿದರೆ ಬಿಯರು ತಂದಿಡುತ್ತಿದ್ದರು. ಮೊದಲ ವಾರ ಮುಟ್ಟಲಿಲ್ಲ. ಎರಡನೆಯ ವಾರ, ನನಗೆ ಕೆಲಸ ಕಲಿಸುತ್ತಿದ್ದ ತಲೆ ನರೆತ ಫಿಟ್ಟರು ಒಂದು ದೊಡ್ಡ ಗಾಜಿನ ಮಗ್ಗನ್ನು ನನ್ನ ಕೈಗೆ ಹಿಡಿಸಿ, ಗುಟುಕರಿಸಬೇಡ, ಬಾಯಿ ತುಂಬ ಎಳೆ ಎಂದು ಸನ್ನೆ ಮಾಡಿ ತೋರಿಸಿದ.

ಆ ರುಚಿಯನ್ನು ಈಗಲೂ ಒಂದೊಂದಾಗಿ ಹೇಳಬಲ್ಲೆ. ಬಣ್ಣ ಹೊಸ ಹಿತ್ತಾಳೆಯದು. ಮೇಲೆ ಎರಡು ಬೆರಳು ದಪ್ಪ ನೊರೆ, ಎಮ್ಮೆ ಹಾಲು ಕರೆಯುವಾಗ ಚೆಂಬಿನಲ್ಲಿ ಏಳುವಂಥದ್ದು. ತುಟಿಗೆ ಮೊದಲು ಆ ನೊರೆ ಸಿಗುತ್ತದೆ, ಅದು ಮೆತ್ತಗೆ, ಚೂರು ಕಹಿ. ಆಮೇಲೆ ತಣ್ಣಗೆ ಬಿಯರು. ಮೊದಲು ಹುರಿದ ಜೋಳದ ವಾಸನೆ, ಹಂಚಿನ ಮೇಲೆ ರೊಟ್ಟಿಯ ಅಂಚು ಕಂದಿದಾಗ ಬರುವ ವಾಸನೆ. ಅದರ ಹಿಂದೆ ಇದೆಯೋ ಇಲ್ಲವೋ ಅನ್ನುವಷ್ಟು ಸಿಹಿ. ನಡುವೆ ಎಲ್ಲೋ ಹಸಿಮೇವು ಕತ್ತರಿಸಿದ ಘಾಟು. ಇಷ್ಟೇನಾ ಎಂದು ನುಂಗಿದ ಮೇಲೆ, ನಾಲಿಗೆಯ ಹಿಂಭಾಗದಿಂದ ಕಹಿ ನಿಧಾನವಾಗಿ ಏಳುತ್ತದೆ. ಬೇವಿನ ಕಹಿಯಲ್ಲ, ಹಾಗಲಕಾಯಿಯದೂ ಅಲ್ಲ. ಬಾಯನ್ನು ತೊಳೆದು ಒಣಗಿಸಿ ಹೋಗುವ ಕಹಿ. ಕೊನೆಗೆ ಎಳೆ ಅಡಿಕೆ ಅಗಿದಂತೆ ಒಂದು ಒಗರು ಉಳಿದು, ಇನ್ನೊಂದು ಗುಟುಕು ಕೇಳುತ್ತದೆ.

ಹಿಂದೆ ಬರುವ ಕಹಿ. ಮೂವತ್ತು ದಾಟಿದ ಮೇಲೆ, ಪರದೇಶದ ಒಂದು ಕ್ಯಾಂಟೀನಿನಲ್ಲಿ, ಅಣ್ಣ ಬೆರಳು ಅದ್ದಿ ಹುಡುಕುತ್ತಿದ್ದದ್ದು ಏನೆಂದು ನನಗೆ ಗೊತ್ತಾಯಿತು. ಇದನ್ನು ಅವನಿಗೆ ಕುಡಿಸಬೇಕು, ಅವನು ಏನು ಹೇಳುತ್ತಾನೋ ಕೇಳಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಬರುವಾಗ ಎರಡು ಬಾಟಲಿಯನ್ನು ಸ್ವೆಟರಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟುಕೊಂಡು ಬಂದೆ.

ಚನ್ನಗಿರಿಗೆ ಬಂದರೆ ಮನೆಯಲ್ಲಿ ಒಂದು ಹೊಸ ಸುದ್ದಿ. ಅಣ್ಣ ಖಾರ ಬಿಟ್ಟಿದ್ದ. ನಾನು ವಿಮಾನ ಹತ್ತಿದ ತಿಂಗಳೇ ಅವನು ಅನ್ನಕ್ಕೆ ಬರೀ ಮಜ್ಜಿಗೆ ಕೇಳಿದನಂತೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದನಂತೆ. ತಮ್ಮ ಸುಖವಾಗಿ ಬರಲಿ ಎಂದು ಹರಕೆ ಹೊತ್ತಿದ್ದಾನೆ ಎಂದು ಅತ್ತಿಗೆ ತಿಳಿದರು. ಓಣಿಯವರೂ ಹಾಗೇ ತಿಳಿದರು. ಹರಕೆ ಹೊತ್ತವರನ್ನು ಯಾಕೆ, ಯಾವ ದೇವರಿಗೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ, ಬಾಯಿಬಿಟ್ಟರೆ ಕೆಡುತ್ತದೆ ಎಂಬ ನಂಬಿಕೆ. ಅದಕ್ಕೆ ಯಾರೂ ಕೇಳಲಿಲ್ಲ. ಅವನೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನನಗಂತೂ ಒಳಗೊಳಗೇ ಹೆಮ್ಮೆಯಾಯಿತು. ನನಗೋಸ್ಕರ ಇಷ್ಟು ಮಾಡಿದ್ದಾನಲ್ಲ ಎಂದು ಅವನ ಕಾಲಿಗೆ ಬಿದ್ದೆ. ಅವನು ಹಿಂದೆ ಸರಿದು ನಿಂತ.

ಇನ್ನು ನಾನು ಬಂದಾಯಿತಲ್ಲ, ಹರಕೆ ಬಿಡಿಸಬೇಕು. ಮರುದಿನ ಸಂಜೆ ಅತ್ತಿಗೆ ಮಂಡಕ್ಕಿ ಒಗ್ಗರಣೆ ಹಾಕಿ, ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ಕರಿದು ಅವನ ಮುಂದಿಟ್ಟರು. ಮನೆ ತುಂಬ ಜನ. ಬೇಡ ಎಂದ. ದೇವರಿಗೆ ಕೊಟ್ಟ ಮಾತು ಮುಗಿಯಿತಲ್ಲ ತಿನ್ನು ಎಂದು ನಾನೇ ಒತ್ತಾಯ ಮಾಡಿದೆ. ಒಂದು ಬಜ್ಜಿ ಮುರಿದು, ಸಣ್ಣ ತುಂಡನ್ನು, ಬಾಯಿ ಅರ್ಧ ತೆರೆದು ಒಳಗೆ ತುರುಕಿಕೊಂಡ. ಕಣ್ಣಿನಿಂದ ದಳದಳ ನೀರು ಸುರಿಯಿತು. ರೂಢಿ ತಪ್ಪಿದೆ ಎಂದು ಕೆಲವರು ನಕ್ಕರು. ತಮ್ಮ ಬಂದ ಸಂತೋಷಕ್ಕೆ ಅಳುತ್ತಿದ್ದಾನೆ ಎಂದು ಒಬ್ಬ ಅಜ್ಜಿ ಹೇಳಿದಳು. ನಾನೂ ನಕ್ಕವರ ಜೊತೆಯಲ್ಲೇ ಇದ್ದೆ. ಈಗ ಅದನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಮೇಲಿನ ಭಾನುವಾರ ಬಿಯರಿನ ವಿಷಯ ತೆಗೆದೆ. ನಮ್ಮದು ಲಿಂಗ ಕಟ್ಟಿದ ಮನೆ, ಹೆಂಡದ ಹೆಸರೆತ್ತಿದರೆ ಅಂಗಳಕ್ಕೂ ಸೇರಿಸುತ್ತಿರಲಿಲ್ಲ. ಬೈಯುತ್ತಾನೆ, ಆಮೇಲೆ ಹೇಗಾದರೂ ಒಪ್ಪಿಸೋಣ ಎಂದುಕೊಂಡಿದ್ದೆ. ಹಿಂದಿನಿಂದ ಬರುವ ಆ ಕಹಿಯ ಬಗ್ಗೆ ಹೇಳುತ್ತಿದ್ದಂತೆ ಅವನು ನನ್ನ ಕಡೆ ತಿರುಗಿ ಕೂತ. ಎಷ್ಟು ಕಹಿ ಎಂದು ಕೇಳಿದ. ಚೊಗರಿಗಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದ. ಎಂಥವನಿಗೂ ಗೊತ್ತಾಗುವಷ್ಟು ಎಂದೆ. ಹಾಗಾದರೆ ನೋಡಲೇಬೇಕು ಎಂದು ತಾನೇ ಚೀಲ ಹುಡುಕಿ ತಂದ.

ಸೂಳೆಕೆರೆಗೆ ಹೋದೆವು. ಬಾಟಲಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ತೂಬಿನ ಹತ್ತಿರ ಆಳದ ನೀರಿನಲ್ಲಿ ಹಗ್ಗ ಕಟ್ಟಿ ಇಳಿಬಿಟ್ಟೆ. ಮಧ್ಯಾಹ್ನದ ಬಿಸಿಲು. ದೂರದಲ್ಲಿ ಮೀನು ಹಿಡಿಯುವವರು ಬಲೆ ಎಳೆಯುತ್ತಿದ್ದರು. ಅಣ್ಣ ಎಲೆಯಡಿಕೆ, ಹೊಗೆಸೊಪ್ಪು ಉಗುಳಿ, ಮೂರು ಸಲ ಬಾಯಿ ಮುಕ್ಕಳಿಸಿದ. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯೊಳಗೇ ಬೆನ್ನಿಗೆ ಸರಿಸಿಕೊಂಡ. ಪರೀಕ್ಷೆಗೆ ಕೂತವನಷ್ಟು ಗಂಭೀರವಾಗಿದ್ದ.

ಮೊದಲ ಬಾಟಲಿ ಚೆನ್ನಾಗಿ ಬಂತು. ಮುಚ್ಚಳ ತೆಗೆದರೆ ಬುಸ್ಸೆಂದಿತು, ಸ್ಟೀಲ್ ಲೋಟದಲ್ಲಿ ನೊರೆ ಎದ್ದಿತು. ಅಲ್ಲಿ ಕುಡಿದಷ್ಟು ಹಸನಾಗಿರಲಿಲ್ಲ, ಆದರೂ ಹುರಿದ ಜೋಳದ ವಾಸನೆ ಇತ್ತು, ಹಿಂದಿನಿಂದ ಕಹಿ ಬಂತು. ಅಣ್ಣ ಲೋಟ ಎತ್ತಿ ಬಾಯಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಕೂತ. ನಾನು ಕಾದೆ. ಇನ್ನೊಂದು ಗುಟುಕು ಎಳೆದು ಮತ್ತೆ ಕಣ್ಣು ಮುಚ್ಚಿದ. ಮೂರನೆಯ ಸಲ ಕಣ್ಣು ತೆರೆದು, ಮೊದಲು ನನ್ನ ಮುಖ ನೋಡಿದ.

"ಚೆನ್ನಾಗೈತೆ," ಎಂದ. "ಸಿಹಿಯಾಗೈತೆ."

ಕಹಿ ಇಲ್ಲವಾ ಎಂದೆ. ಇದೆ ಇದೆ, ಸ್ವಲ್ಪ ಇದೆ ಎಂದ. ಮುಂದೆಯೋ ಹಿಂದೆಯೋ ಎಂದರೆ ಕೆರೆಯ ಕಡೆ ನೋಡಿದ. ನನಗೆ ಪಿಚ್ಚೆನಿಸಿತು. ಇರಲಿ ಎಂದು ಎರಡನೆಯದನ್ನು ತೆಗೆದೆ. ಅದರ ಮುಚ್ಚಳ ದಾರಿಯಲ್ಲಿ ಎಲ್ಲೋ ಜಖಂ ಆಗಿತ್ತು. ಸದ್ದೂ ಇಲ್ಲ, ನೊರೆಯೂ ಇಲ್ಲ. ಒದ್ದೆ ಗೋಣಿಯ ಮುಗ್ಗು ವಾಸನೆ. ಬಾಯಿಗೆ ಹಾಕಿಕೊಂಡರೆ ಮೂರು ದಿನದ ಹಳೆ ಅಂಬಲಿಯ ಹುಳಿ. ನಾನು ಥೂ ಎಂದು ಕಲ್ಲಿನ ಮೇಲೆ ಉಗಿದೆ. ತಿರುಗಿ ನೋಡಿದರೆ ಅಣ್ಣ ತನ್ನ ಲೋಟವನ್ನು ಆಗಲೇ ಖಾಲಿ ಮಾಡಿ ಕೆಳಗಿಟ್ಟಿದ್ದ. ನಾನು ಉಗಿದದ್ದನ್ನು ಅವನು ನೋಡಿರಲಿಲ್ಲ.

"ಇದು ಅದಕ್ಕಿಂತ ಚೆನ್ನಾಗೈತೆ," ಎಂದ.

ನನ್ನ ಮೈ ಉರಿದುಹೋಯಿತು. ಬೀಗರ ಮುಂದೆ ಬೇಳೆ ತಳ ಹಿಡಿದಿದೆ ಅನ್ನುವವನು, ಸ್ವಂತ ತಮ್ಮ ಏಳು ಸಮುದ್ರದಾಚೆಯಿಂದ ಹೊತ್ತು ತಂದದ್ದಕ್ಕೆ ಬೇಡದವರಿಗೆ ಹೇಳುವ ಹಾಗೆ ಹೇಳುತ್ತಿದ್ದಾನೆ. ನಾನೂ ಅವನು ಸಾಗಹಾಕುವಂಥವರ ಸಾಲಿಗೆ ಸೇರಿದೆನಲ್ಲ. ನಾನು ಮೆಕ್ಯಾನಿಕ್ ಆದದ್ದು, ಕಣ ಬಿಟ್ಟು ಹೋದದ್ದು, ಎಲ್ಲ ಹಳೆಯದು ತಲೆಗೆ ಬಂತು.

"ನಿನ್ನ ನಾಲಿಗೆ ಸತ್ತೋಗೈತೇನು?" ಎಂದೆ.

ಅವನು ಸಿಟ್ಟಾಗಲಿಲ್ಲ. ಎರಡೂ ಲೋಟಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದು, ನೀರಿನಲ್ಲಿ ತೊಳೆಯತೊಡಗಿದ. ಬೆನ್ನು ನನ್ನ ಕಡೆಗಿತ್ತು.

"ಇರಬಹುದು ಬಿಡು," ಎಂದ.

ಅದು ಕುಹಕ ಎಂದುಕೊಂಡೆ. ಅವನನ್ನು ಅಲ್ಲೇ ಬಿಟ್ಟು ರಸ್ತೆಗೆ ಬಂದು, ಸಿಕ್ಕಿದ ಲಾರಿ ಹತ್ತಿ ಹೋದೆ. ಅವನು ಹೇಗೆ ಮನೆಗೆ ಹೋದನೆಂದು ಕೇಳಲೂ ಇಲ್ಲ.

ಆಮೇಲೆ ಎರಡು ವರ್ಷ ನಾನು ಜಗಳೂರು ಕಡೆಯ ಕೆಲಸವನ್ನೇ ಬೇಡಿ ತೆಗೆದುಕೊಂಡೆ. ಸೊಕ್ಕೆ ಊರಿನ ಕಪ್ಪು ಹೊಲಗಳಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರುಗಳ ಕೆಳಗೆ ಮಲಗಿ, ಎಣ್ಣೆ ಮೆತ್ತಿದ ಕೈಯಲ್ಲಿ ರೊಟ್ಟಿ ತಿಂದೆ. ಹಬ್ಬಕ್ಕೆ ಹೆಂಡತಿ ಮಕ್ಕಳನ್ನು ಚನ್ನಗಿರಿಗೆ ಕಳಿಸಿ ನಾನು ಹೊನ್ನಾಳಿಯಲ್ಲೇ ಉಳಿದೆ. ಅಣ್ಣ ಎರಡು ಸಲ ಹೇಳಿ ಕಳಿಸಿದ, ಹೋಗಲಿಲ್ಲ. ಮೂರನೆಯ ಸಲ ಹೇಳಿ ಕಳಿಸಲಿಲ್ಲ. ಒಮ್ಮೆ ಕತ್ತಲಗೆರೆಯ ಒಬ್ಬ ರೈತ ಟ್ರ್ಯಾಕ್ಟರ್ ತಂದಾಗ, ಈ ವರ್ಷ ನಿಮ್ಮ ಅಣ್ಣನ ಹಂಡೆಯ ಅಡಿಕೆ ಕಪ್ಪಿಟ್ಟಿದೆ, ನಾವು ಬೇರೆ ಕಡೆ ಬೇಯಿಸಿದೆವು ಎಂದ. ನಿಜ ಹೇಳುತ್ತೇನೆ, ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಸೊಕ್ಕು ಇಳಿಯಲಿ ಎಂದುಕೊಂಡೆ. ಚೊಗರು ಬೆರೆಸುವಾಗ ಅವನು ಈಗ ಆಳುಗಳ ಬಾಯಿಗೇ ಮೊದಲು ಹನಿ ಹಾಕಿ ಕೇಳುತ್ತಾನಂತೆ ಎಂದೂ ಆ ರೈತ ಹೇಳಿದ. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಒಂದು ದಿನ ಬೆಳಿಗ್ಗೆ ಅತ್ತಿಗೆ ಒಬ್ಬರೇ ಬಸ್ಸಿನಲ್ಲಿ ಹೊನ್ನಾಳಿಗೆ ಬಂದು ನನ್ನ ಶೆಡ್ಡಿನ ಬಾಗಿಲಲ್ಲಿ ನಿಂತರು. ಅವರು ಹಾಗೆ ಒಬ್ಬರೇ ಬಂದವರಲ್ಲ. ಅಣ್ಣನಿಗೆ ಬಾಯಿ ತೆರೆಯುವುದಕ್ಕೆ ಆಗುತ್ತಿಲ್ಲ, ಎರಡು ಬೆರಳೂ ಒಳಗೆ ಹೋಗುವುದಿಲ್ಲ, ನಾಲಿಗೆಯ ಪಕ್ಕದಲ್ಲಿ ಹುಣ್ಣು, ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರು. ಅತ್ತಿದ್ದು ಅಷ್ಟು ಹೇಳಿ ಮುಗಿಸಿದ ಮೇಲೆ. ನಾನು ಕೈ ಕೂಡ ತೊಳೆಯದೆ ಅವರ ಜೊತೆ ಬಸ್ಸು ಹತ್ತಿದೆ.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಇದು ಯಾವಾಗಿನಿಂದ, ಖಾರ ತಿಂದರೆ ಉರಿ, ರುಚಿ ಹತ್ತದಿರುವುದು ಯಾವಾಗ ಶುರುವಾಯಿತು ಎಂದು ಕೇಳಿದರು. ಅತ್ತಿಗೆ ನನ್ನ ಮುಖ ನೋಡಿದರು.

"ನೀನು ವಿಮಾನ ಹತ್ತಿದ ತಿಂಗಳಿಂದ," ಎಂದರು. ಆಮೇಲೆ ಡಾಕ್ಟರಿಗೆ, "ಹರಕೆ ಅಂದ್ಕೊಂಡಿದ್ವಿ ರೀ. ಹರಕೆ ಕೇಳಾಕೆ ಬರಂಗಿಲ್ವಲ್ಲ."

ಡಾಕ್ಟರು ಅದನ್ನು ಕಾಗದದಲ್ಲಿ ಬರೆದುಕೊಂಡರು. ಆಗಲೇ ಬಂದಿದ್ದರೆ ಎಂದು ನಾನು ಕೇಳಿದ್ದಕ್ಕೆ, ಈಗ ಆ ಮಾತು ಬೇಡ ಎಂದರು. ಮರುದಿನವೇ ಆಪರೇಷನ್ನು, ನಾಲಿಗೆಯ ಬಹುಪಾಲು ತೆಗೆಯಬೇಕು, ಮಾತಾಡುವುದಿದ್ದರೆ ಇವತ್ತೇ ಆಡಿಬಿಡಿ ಎಂದರು.

ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಅಣ್ಣ ಕೂತಿದ್ದ. ಅರ್ಧ ಆಗಿಹೋಗಿದ್ದ. ನನ್ನನ್ನು ನೋಡಿ ಜರುಗಿ ಜಾಗ ಮಾಡಿಕೊಟ್ಟ. ನಾನು ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನು ಆಡುವ ಮೊದಲೇ ಅವನು ಶುರು ಮಾಡಿದ. ಹಲ್ಲು ಬಿಡಿಸದೆ ಆಡುವ ಮಾತು, ಬಗ್ಗಿ ಕೇಳಬೇಕಿತ್ತು.

ಹುಣ್ಣು ಬರುವ ಮೊದಲೇ ನಾಲಿಗೆ ಮಂದವಾಗಿತ್ತಂತೆ. ಚೊಗರು ನೀರಿನ ಹಾಗೆ ಆಗಿತ್ತಂತೆ. ಹೇಳಿದರೆ ಕಣಕ್ಕೆ ಯಾರು ಅಡಿಕೆ ತರುತ್ತಾರೆ, ಈ ನಾಲಿಗೆ ಬಿಟ್ಟರೆ ನನ್ನ ಹತ್ತಿರ ಏನಿದೆ ಎಂದು ಸುಮ್ಮನಿದ್ದನಂತೆ. ಜನ ಹರಕೆ ಎಂದಾಗ ಒಳ್ಳೆಯದೇ ಆಯಿತು ಅನ್ನಿಸಿತಂತೆ.

"ನೀನು ಆ ಕಹಿ ಎಂಥವನಿಗೂ ಗೊತ್ತಾಗ್ತೈತೆ ಅಂದೆ," ಎಂದ. "ಅದು ಸಿಕ್ಕಿದ್ರೆ ನನಗೇನೂ ಆಗಿಲ್ಲ ಅಂತ ತಿಳ್ಕೊಳ್ಳಾಣ ಅಂತ ಬಂದಿದ್ದೆ."

ನಾನು ತಲೆ ಎತ್ತಲಿಲ್ಲ.

"ರುಚಿ ಬಗ್ಗೆ ಸುಳ್ಳು ಹೇಳಿದೆ, ಹೌದು. ಆದ್ರೆ ನಾಲಿಗೆ ಸತ್ತೈತಾ ಅಂತ ನೀನು ಕೇಳಿದಾಗ ಇರಬಹುದು ಅಂದೆನಲ್ಲ. ಅದು ನಿಜಾನೇ ಹೇಳಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ನೀನು ಎದ್ದು ಹೋಗಿಬಿಟ್ಟೆ."

ಅವನ ಧ್ವನಿಯಲ್ಲಿ ದೂರು ಇರಲಿಲ್ಲ. ದೂರಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ನಾನು ಅವನ ಮೊಣಕಾಲಿನ ಮೇಲೆ ಹಣೆ ಇಟ್ಟು ಅತ್ತೆ. ಪಕ್ಕದ ಮಂಚದವರು ಆ ಕಡೆ ತಿರುಗಿಕೊಂಡರು. ಅಣ್ಣ ನನ್ನ ತಲೆಯ ಮೇಲೆ ಕೈಯಿಟ್ಟು, ಅಳು ನಿಲ್ಲುವ ತನಕ ಹಾಗೇ ಇದ್ದ.

"ಈಗ ಹೇಳು," ಎಂದ. "ಅದು ನಿಜವಾಗಿ ಹೆಂಗಿತ್ತು?"

ಹೇಳಿದೆ. ಹಿತ್ತಾಳೆಯ ಬಣ್ಣ, ಎಮ್ಮೆ ಹಾಲಿನ ನೊರೆ, ಹುರಿದ ಜೋಳ, ರೊಟ್ಟಿಯ ಅಂಚು, ಇದ್ದೂ ಇಲ್ಲದ ಸಿಹಿ, ಹಸಿಮೇವು. ಚೊಗರಿನ ಹನಿ ಬಾಯಲ್ಲಿಟ್ಟುಕೊಂಡವನಂತೆ ಅವನು ಕಣ್ಣು ಮುಚ್ಚಿ ಕೇಳಿದ. ಎರಡನೆಯ ಬಾಟಲಿಯ ವಿಷಯವನ್ನೂ ಬಚ್ಚಿಡಲಿಲ್ಲ. ಹಳೆ ಅಂಬಲಿಯ ಹಾಗೆ ಹುಳಿಯಾಗಿತ್ತು, ನಾನು ಉಗಿದೆ, ನೀನು ಪೂರ್ತಿ ಕುಡಿದೆ ಎಂದೆ. ಅವನ ಹೊಟ್ಟೆ ಕುಲುಕಿತು. ನಗುತ್ತಿದ್ದ, ಆದರೆ ನಗುವುದಕ್ಕೆ ಬಾಯಿ ತೆರೆಯುತ್ತಿರಲಿಲ್ಲ.

ಆಮೇಲೆ ಮೊದಲನೆಯದಕ್ಕೆ ವಾಪಸು ಬಂದ. ಆ ಕಹಿ ಮುಂದೆ ಬರುತ್ತಿತ್ತೋ ಹಿಂದೆ ಬರುತ್ತಿತ್ತೋ ಎಂದು ಕೇಳಿದ. ನಾನು ಅವತ್ತು ಸೂಳೆಕೆರೆಯಲ್ಲಿ ಅವನನ್ನು ಕೇಳಿದ್ದ ಪ್ರಶ್ನೆ. ಹಿಂದೆ, ನುಂಗಿದ ಮೇಲೆ, ನಿಧಾನವಾಗಿ ಎಂದೆ. ಅವನ ಗಂಟಲು ಒಂದು ಸಲ ಮೇಲೆ ಕೆಳಗೆ ಆಡಿತು.

"ಹಂಗಾದ್ರೆ ಒಳ್ಳೆ ಕಹಿ," ಎಂದ.

ಅಷ್ಟರಲ್ಲಿ ನರ್ಸಮ್ಮ ಬಂದು ನಮ್ಮನ್ನು ಹೊರಗೆ ಕಳಿಸಿದರು. ಬೆಳಿಗ್ಗೆ ಅವನನ್ನು ಒಳಗೆ ಕರೆದುಕೊಂಡು ಹೋದರು. ಅದಾದ ಮೇಲೆ ಅವನು ಮುಂದಿನ ಕೊಯ್ಲಿನ ತನಕ ಬದುಕಿದ್ದ, ಗಂಜಿಯನ್ನು ಕೊಳವೆಯಲ್ಲಿ ಹಾಕುತ್ತಿದ್ದೆವು. ಏನು ಬೇಕಾದರೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದ. ಅವನ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ.